ಮರಿ ಸತ್ತರೆ ಲೆಕ್ಕ ಯಾರಿಗೆ?



ಮರಿ ಕಂಪನಿಯದು, ಫೀಡು ಕಂಪನಿಯದು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ನೀರು, ಇದ್ದಿಲು, ನಿದ್ದೆಗೆಟ್ಟ ರಾತ್ರಿ ನಿಮ್ಮದು. ಕರಾರು ಕೋಳಿ ಸಾಕಣೆ ಅಂದರೆ ಇದೇ. ಮರಿ ಸತ್ತಿತೋ, 'ನಿನ್ನ ಬ್ರೂಡಿಂಗ್ ಸರಿಯಿಲ್ಲ' ಅಂತ ಸೂಪರ್‌ವೈಸರ್ ಬರೆದುಕೊಂಡು ಹೋಗ್ತಾನೆ. ಸಾಕಿದ ಕೂಲಿಗೆ ಕತ್ತರಿ ಬೀಳುತ್ತದೆ.

ನಮ್ಮ ಕೆಲಸ ನಾವು ನೆಟ್ಟಗೆ ಮಾಡೋಣ. ಮೊದಲ ವಾರ ಬ್ರೂಡರ್ ಕೆಳಗೆ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಇರಲಿ, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸಿ. ಮರಿಗಳನ್ನೇ ನೋಡಿ: ಬಲ್ಬಿನಡಿ ಒತ್ತೊತ್ತಾಗಿ ಸೇರಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಖೆ, ಎಲ್ಲ ಕಡೆ ಹರಡಿಕೊಂಡರೆ ಸರಿ. ಒದ್ದೆಯಾದ ಹೊಟ್ಟು ತೆಗೆದುಹಾಕಿ, ರಕ್ತಭೇದಿ ಹಬ್ಬೋದು ಅಲ್ಲಿಂದ.

ಆದರೆ ಹೊಕ್ಕುಳು ಮುಚ್ಚದೆ, ಹೊಟ್ಟೆ ಊದಿ ನಾರುವ ಮರಿ ಮೊದಲ ವಾರವೇ ಸಾಯುತ್ತದಲ್ಲ, ಅದು ಬಹುಪಾಲು ಹ್ಯಾಚರಿಯ ಕೊಳೆಯ ಫಲ. ಎಷ್ಟು ಶಾಖ ಕೊಟ್ಟರೂ ಉಳಿಯದು. ಆ ನಷ್ಟವನ್ನೂ ರೈತನ ತಲೆಗೆ ಕಟ್ಟೋದು ಯಾವ ನ್ಯಾಯ? ಮರಿ ಸತ್ತಿತೆಂದು ಶೆಡ್ಡಿನ ಸಾಲದ ಕಂತು ಬ್ಯಾಂಕಿನವರು ಬಿಡ್ತಾರೆಯೇ?

ಮರಿ ಇಳಿದ ದಿನವೇ ಎಣಿಸಿ, ಹೊಕ್ಕುಳು ನೋಡಿ, ಕೆಟ್ಟವನ್ನು ಚಲನ್ ಮೇಲೆ ಬರೆಸಿ ಸಹಿ ಹಾಕಿಸಿ. 7 ದಿನದ ಸಾವನ್ನು ದಿನವಾರು ಬರೆದಿಡಿ. ಸತ್ತ ಮರಿಯನ್ನು ಸರ್ಕಾರಿ ಪಶು ವೈದ್ಯರಿಗೆ ತೋರಿಸಿ ಚೀಟಿ ಪಡೆಯಿರಿ. ಹ್ಯಾಚರಿ ತಪ್ಪಿನ ಸಾವು ಕಂಪನಿ ಲೆಕ್ಕಕ್ಕೆ ಹೋಗಬೇಕು. ಶಾಖದ ಖರ್ಚು ಮರಿಗೆ ಇಷ್ಟೆಂದು ಕರಾರಿನಲ್ಲಿರಬೇಕು. ಕರಾರು ಕನ್ನಡದಲ್ಲಿರಬೇಕು. ಒಬ್ಬ ಕೇಳಿದರೆ ಮುಂದಿನ ಮರಿ ಬರೋದಿಲ್ಲ. ಎಲ್ಲ ಶೆಡ್ಡಿನವರೂ ಒಟ್ಟಿಗೆ ಕೇಳಿ.