ರಿಪೋರ್ಟಿನಲ್ಲಿ 62 ಬಂದರೆ ಕ್ಯಾನ್ಸರೇ?



ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ಕೇಳಿದವರು ಒಬ್ಬರೇ ಆದರೂ ಇದು ಈಚೆಗೆ ಅನೇಕ ಮನೆಗಳಲ್ಲಿ ಎದ್ದಿರುವ ಪ್ರಶ್ನೆ.

ಓದುಗ ಸೋದರಿ ಬರೆಯುತ್ತಾರೆ: “ನಮ್ಮ ಅತ್ತೆಗೆ 58 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬೇರೇನೂ ತೊಂದರೆ ಇಲ್ಲ. ಊರಲ್ಲಿ ‘ಪೂರ್ತಿ ದೇಹದ ತಪಾಸಣೆ’ ಅಂತ ಶಿಬಿರ ಇತ್ತು, ದುಡ್ಡು ಕಟ್ಟಿ ರಕ್ತ ಕೊಟ್ಟು ಬಂದೆವು. ಸಿಎ 19-9 ಎಂಬ ಪರೀಕ್ಷೆಯಲ್ಲಿ 62 ಬಂದಿದೆ, 37ರ ಒಳಗಿರಬೇಕಂತೆ. ಅದು ಕ್ಯಾನ್ಸರಿನ ಪರೀಕ್ಷೆ ಎಂದು ತಿಳಿದಾಗಿನಿಂದ ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ. ಇದು ಜೀವಕೋಶದ ಕೊಬ್ಬಿಗೆ ಸಂಬಂಧಪಟ್ಟದ್ದು ಅಂತ ಮೈದುನ ಮೊಬೈಲಿನಲ್ಲಿ ಓದಿ ಹೇಳಿದ. ಅವತ್ತಿನಿಂದ ಎಣ್ಣೆ, ತುಪ್ಪ ಬಂದ್. ನನ್ನ ಬಳೆ ಅಡವಿಟ್ಟು ಬೆಂಗಳೂರಿಗೆ ಹೋಗೋಣ ಎನ್ನುತ್ತಿದ್ದಾರೆ. ಏನು ಮಾಡಲಿ?”

ಬಳೆ ಸದ್ಯಕ್ಕೆ ಕೈಯಲ್ಲೇ ಇರಲಿ ತಾಯಿ. ಮೊದಲು ಈ ಪರೀಕ್ಷೆ ಏನನ್ನು ಅಳೆಯುತ್ತದೆ ಎಂದು ತಿಳಿದುಕೊಳ್ಳೋಣ.

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಪ್ರತಿ ಕೋಶಕ್ಕೂ ಹೊರಗೊಂದು ಪೊರೆ. ಈ ಪೊರೆ ಮುಖ್ಯವಾಗಿ ಕೊಬ್ಬಿನ ಜಾತಿಯ ಲಿಪಿಡ್ ಎಂಬ ವಸ್ತುವಿನಿಂದ ಆದದ್ದು, ಅದೂ ಎರಡು ಪದರವಾಗಿ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಹಾಲೆಂಡಿನ ವಿಜ್ಞಾನಿಗಳು ಇದನ್ನು ಕೆಂಪು ರಕ್ತಕಣಗಳಲ್ಲಿ ಕಂಡುಕೊಂಡರು. ಚಪಾತಿ ಮಡಿಸುವಾಗ ನಡುವೆ ಎಣ್ಣೆ ಸವರುತ್ತೀರಲ್ಲ, ಹಾಗೆ ಎನ್ನಿ. ನೀರಿಗೆ ಹೊಂದಿಕೊಳ್ಳುವ ಭಾಗ ಎರಡೂ ಹೊರಮೈಗೆ, ನೀರನ್ನು ಕಂಡರಾಗದ ಜಿಡ್ಡಿನ ಭಾಗ ನಡುವೆ.

ಈ ಪೊರೆಯ ಕೆಲವು ಲಿಪಿಡ್‌ಗಳಿಗೆ ಹೊರಗಡೆ ಪುಟ್ಟ ಸಕ್ಕರೆ ಸರಗಳು ಅಂಟಿಕೊಂಡಿರುತ್ತವೆ. ಇವು ಕೋಶದ ಗುರುತಿನ ಚೀಟಿ ಇದ್ದಂತೆ. ನಿಮ್ಮ ರಕ್ತದ ಗುಂಪು ಎ, ಬಿ ಎಂದು ಹೇಳುವುದೂ ಇಂಥ ಸರಗಳನ್ನು ನೋಡಿಯೇ. 1946ರಲ್ಲಿ ಪತ್ತೆಯಾದ ಲೂಯಿಸ್ ಎಂಬ ಇನ್ನೊಂದು ರಕ್ತದ ಗುಂಪೂ ಉಂಟು. ನಮ್ಮ ಕಥೆಗೆ ಬೇಕಾದ್ದು ಅದೇ.

1979ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಕೊಪ್ರೊವ್‌ಸ್ಕಿ ಮತ್ತು ಅವರ ಜೊತೆಗಾರರು ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಇಲಿಗಳಿಗೆ ಚುಚ್ಚಿ, ಆ ಕೋಶಗಳನ್ನೇ ಹುಡುಕಿ ಹಿಡಿಯುವ ಪ್ರತಿಕಾಯಗಳನ್ನು ತಯಾರಿಸಿದರು. ಅವುಗಳಲ್ಲಿ ಒಂದಕ್ಕೆ ಕೊಟ್ಟಿದ್ದ ನಂಬರಿನ ಬಾಲವೇ ಈ 19-9. ಅದು ಹಿಡಿಯುತ್ತಿದ್ದದ್ದು ಪೊರೆಯ ಲಿಪಿಡ್‌ಗೆ ಅಂಟಿದ ಲೂಯಿಸ್ ಗುಂಪಿನ ಒಂದು ಸಕ್ಕರೆ ಸರವನ್ನು ಎಂದು 1982ರ ಹೊತ್ತಿಗೆ ಗೊತ್ತಾಯಿತು. ಮೇದೋಜೀರಕ, ಪಿತ್ತನಾಳ, ಜಠರ, ಕರುಳುಗಳ ಕ್ಯಾನ್ಸರ್ ಕೋಶಗಳಲ್ಲಿ ಅನೇಕ ಸಲ ಈ ಸರ ಹೆಚ್ಚಾಗಿರುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡು ಬೇರೆ ಕಡೆಗೆ ಹರಡಲು ಆ ಕೋಶಗಳಿಗೆ ಇದು ನೆರವಾಗುತ್ತದೆ.

ಹಾಗಾದರೆ 62 ಎಂದರೆ ಕ್ಯಾನ್ಸರೇ? ಅಲ್ಲ, ಹಾಗೆ ಹೇಳಲಾಗದು. ಇದೇ ಸರ ಆರೋಗ್ಯವಂತರ ಮೇದೋಜೀರಕ, ಪಿತ್ತನಾಳಗಳಲ್ಲೂ ತಯಾರಾಗುತ್ತದೆ. ತಯಾರಾದದ್ದು ಪಿತ್ತರಸದ ಜೊತೆ ಕರುಳಿಗೆ ಹರಿದುಹೋಗುತ್ತದೆ. ಪಿತ್ತದ ಕಲ್ಲು ನಾಳಕ್ಕೆ ಅಡ್ಡ ಬಂತು ಎನ್ನಿ, ಬಚ್ಚಲ ತೂಬು ಕಟ್ಟಿದರೆ ನೀರು ಹಿಂದಕ್ಕೆ ನಿಲ್ಲುವ ಹಾಗೆ ಇದೂ ಹಿಂದೆ ಸರಿದು ರಕ್ತಕ್ಕೆ ಸೇರುತ್ತದೆ. ಆಗ ಅಂಕಿ ನೂರು ದಾಟಿದರೂ ಆಶ್ಚರ್ಯವಿಲ್ಲ, ಕಲ್ಲು ತೆಗೆದ ಮೇಲೆ ಇಳಿಯುತ್ತದೆ. ಮೇದೋಜೀರಕದ ಊತ, ಲಿವರ್ ಕಾಯಿಲೆ, ಅಂಡಾಶಯದ ಕೆಲವು ಗಡ್ಡೆ, ಇವುಗಳಲ್ಲೂ ಏರಬಹುದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲೂ ಸ್ವಲ್ಪ ಏರುವುದುಂಟು. ನಿಮ್ಮ ಅತ್ತೆಯವರ ವಿಷಯದಲ್ಲಿ ಇದನ್ನು ಮರೆಯಬಾರದು.

ಇದರ ಇನ್ನೊಂದು ಮಗ್ಗುಲು ಹೆಚ್ಚು ಅಪಾಯದ್ದು. ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಲೂಯಿಸ್ ಸರ ಕಟ್ಟುವ ಶಕ್ತಿ ಹುಟ್ಟಿನಿಂದಲೇ ಇರುವುದಿಲ್ಲ. ಅವರಿಗೆ ಕ್ಯಾನ್ಸರ್ ಬೆಳೆದಿದ್ದರೂ ಈ ಅಂಕಿ ಸಾಮಾನ್ಯವಾಗಿ ಏರುವುದೇ ಇಲ್ಲ! ಉಳಿದವರಲ್ಲೂ ಕಾಯಿಲೆಯ ಮೊದಲ ಹಂತದಲ್ಲಿ ಅಂಕಿ 37ರ ಒಳಗೇ ಇರಬಹುದು. “ರಿಪೋರ್ಟು ನಾರ್ಮಲ್ ಬಂದಿದೆ, ಹೊಟ್ಟೆನೋವು ಗ್ಯಾಸಿಂದಲೇ ಇರಬೇಕು ಬಿಡಿ” ಎಂದು ಸುಮ್ಮನಾದರೆ ಕಳೆದುಕೊಳ್ಳುವುದು ಬೆಲೆಬಾಳುವ ಸಮಯವನ್ನು. ತೊಂದರೆ ಏನೂ ಇಲ್ಲದವರಿಗೆ ಕ್ಯಾನ್ಸರ್ ಹುಡುಕಲು ಈ ಪರೀಕ್ಷೆ ಬೇಡ ಎಂದು ತಜ್ಞರು ಹೇಳುವುದು ಇದಕ್ಕಾಗಿಯೇ. ಕ್ಯಾನ್ಸರ್ ಇದೆ ಎಂದು ಖಚಿತವಾದವರಲ್ಲಿ ಆಪರೇಷನ್ನಿನ ಮುಂಚೆ, ಆಮೇಲೆ, ಔಷಧಿ ಕೊಡುವಾಗ ಅಂಕಿ ಇಳಿಯುತ್ತಿದೆಯೆ ಏರುತ್ತಿದೆಯೆ ಎಂದು ನೋಡಲು ಮಾತ್ರ ಇದು ಬಲು ಉಪಯೋಗಿ.

ಈಗ ನೀವು ಮಾಡಬೇಕಾದ್ದು ಇಷ್ಟು. ರಿಪೋರ್ಟನ್ನು ಬೀರುವಿನಲ್ಲಿ ಇಡಬೇಡಿ, ನಿರ್ಲಕ್ಷ್ಯವೂ ಸಲ್ಲದು. ಹತ್ತಿರದ ಫಿಜಿಷಿಯನ್ ಬಳಿ ಅತ್ತೆಯವರನ್ನು ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯಾದರೂ ಸರಿಯೆ. ಅವರು ಹೊಟ್ಟೆ ಮುಟ್ಟಿ ನೋಡುತ್ತಾರೆ, ಲಿವರ್ ಪರೀಕ್ಷೆ, ಸಕ್ಕರೆ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಡಬಹುದು. ಕೆಲವು ವಾರ ಬಿಟ್ಟು ಸಿಎ 19-9 ಅನ್ನು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಲು ಹೇಳಬಹುದು. ಲ್ಯಾಬು ಬದಲಾದರೆ ವಿಧಾನ ಬದಲಾಗಿ ಅಂಕಿಯೂ ಬದಲಾಗುತ್ತದೆ, ಹೋಲಿಸಲು ಬರುವುದಿಲ್ಲ. ಅಂಕಿ ಏರುತ್ತಲೇ ಹೋದರೆ ಅಥವಾ ಸ್ಕ್ಯಾನಿಂಗಿನಲ್ಲಿ ಏನಾದರೂ ಕಂಡರೆ ಆಗ ದೊಡ್ಡ ಆಸ್ಪತ್ರೆಯ ಮಾತು.

ಇನ್ನು ಎಣ್ಣೆಯ ವಿಷಯ. ಪೊರೆಯಲ್ಲಿ ಲಿಪಿಡ್ ಇದೆ ಎಂದ ಮಾತ್ರಕ್ಕೆ ಒಗ್ಗರಣೆ ನಿಲ್ಲಿಸಿದರೆ ಕ್ಯಾನ್ಸರ್ ನಿಲ್ಲುತ್ತದೆಯೆ? ಪೊರೆ ಕಟ್ಟಲು ಪ್ರತಿ ಕೋಶಕ್ಕೂ ಲಿಪಿಡ್ ಬೇಕೇ ಬೇಕು, ಊಟದಿಂದ ಬರದಿದ್ದರೆ ದೇಹವೇ ಸಾಕಷ್ಟನ್ನು ತಯಾರಿಸಿಕೊಳ್ಳುತ್ತದೆ. ಈ ಪರೀಕ್ಷೆ ನೀವು ತಿಂದ ಜಿಡ್ಡನ್ನು ಅಳೆಯುವುದೂ ಇಲ್ಲ. ಅತ್ತೆಯವರಿಗೆ ಹಿತಮಿತವಾಗಿ ಎಣ್ಣೆ ಹಾಕಿದ ಪಲ್ಯ, ಸೊಪ್ಪಿನ ಸಾರು, ಬೇಳೆ, ರಾಗಿ ಮುದ್ದೆ ಕೊಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾ ಊಟ ಬಿಟ್ಟರೆ ಸಕ್ಕರೆ ಇಳಿದು ತಲೆ ಸುತ್ತಿ ಬಿದ್ದಾರು! ನಿಜವಾಗಿ ಬಿಡಬೇಕಾದ್ದು ಹೊಗೆಸೊಪ್ಪು, ಬೀಡಿ, ಮದ್ಯ. ಎಲೆಅಡಿಕೆಯ ಜೊತೆ ಬಾಯಿಗೆ ಹೋಗುವ ಚಿಟಿಕೆ ಹೊಗೆಸೊಪ್ಪೂ ಲೆಕ್ಕಕ್ಕೆ ಬರುತ್ತದೆ.

ಕಡೆಯದಾಗಿ, ಅಂಕಿಗಿಂತ ದೇಹ ಹೇಳುವ ಮಾತನ್ನು ಹೆಚ್ಚು ಕೇಳಿ. ಕಣ್ಣು, ಮೂತ್ರ ಹಳದಿಯಾಗಿ ಮಲ ಬಿಳಿಚಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮೇಲುಹೊಟ್ಟೆಯ ನೋವು ಬೆನ್ನಿಗೆ ಹಾಯುತ್ತಿದ್ದರೆ, ಅನ್ನ ನುಂಗುವಾಗ ಗಂಟಲ ಕೆಳಗೆ ಸಿಕ್ಕಿಕೊಂಡರೆ, ಮಲ ಕಪ್ಪಾಗಿ ಟಾರಿನಂತೆ ಹೋದರೆ, ಮೂರು ವಾರ ಕಳೆದರೂ ಭೇದಿ ಅಥವಾ ಮಲಬದ್ಧತೆ ಸರಿಹೋಗದಿದ್ದರೆ, 50 ದಾಟಿದ ಮೇಲೆ ತೂಕ ಇಳಿಯುವುದರ ಜೊತೆಗೇ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡರೆ, ರಿಪೋರ್ಟು ಏನೇ ಇರಲಿ, ಡಾಕ್ಟರ ಬಳಿ ಹೋಗಿ. ಮಲದಲ್ಲಿ ರಕ್ತ ಕಂಡರೆ “ಮೂಲವ್ಯಾಧಿ ಇರಬೇಕು” ಎಂದು ನಾಚಿಕೆಯಿಂದ ಮುಚ್ಚಿಡಬೇಡಿ. ಮುಟ್ಟು ನಿಂತ ಮೇಲೂ ರಕ್ತ ಕಡಿಮೆ ಎಂದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುವವರು, ಆ ರಕ್ತ ಎಲ್ಲಿ ಹೋಗುತ್ತಿದೆ ಎಂದು ಹೊಟ್ಟೆ ಮತ್ತು ಕರುಳನ್ನು ಒಮ್ಮೆ ಪರೀಕ್ಷೆ ಮಾಡಿಸಲೇಬೇಕು. ಮನೆಯವರ ಊಟ, ಔಷಧಿ ಎಲ್ಲವನ್ನೂ ನೋಡಿಕೊಳ್ಳುವ ನೀವು ನಿಮ್ಮ ಸರದಿ ಬಂದಾಗ “ನಂಗೇನಾಗಿದೆ, ಹೋಗ್ಲಿ ಬಿಡಿ” ಅನ್ನಬೇಡಿ.