ಮನೆತನದ ಮೂಲ ಹುಡುಕಿದರೆ ತಪ್ಪೇನು?

ನದಿಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ ಹಿರಿಯರು. ಮನೆತನದ ಮೂಲವನ್ನಂತೂ ಹುಡುಕಲೇಬೇಕು ಎನ್ನುವುದು ನನ್ನ ವಾದ. ಆದರೆ ಹೆಮ್ಮೆಪಡಲು ಅಲ್ಲ, ನಿಜ ತಿಳಿಯಲು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಇಂಗ್ಲಿಷ್ ಪೂರ್ವಜರ ಕಥೆ ಓದಿದ ಮೇಲೆ ಈ ಮಾತು ನನಗೆ ಇನ್ನಷ್ಟು ಗಟ್ಟಿಯಾಯಿತು.

ವಾಷಿಂಗ್ಟನ್ ಮನೆತನದವರು ನಾರ್ತಾಂಪ್ಟನ್‌ಶೈರ್‌ನ ಸಲ್‌ಗ್ರೇವ್ ಎಂಬ ಹಳ್ಳಿಯ ಜಮೀನ್ದಾರರು. ಆ ಜಮೀನು ಮೊದಲು ಕ್ರೈಸ್ತ ಮಠದ್ದಾಗಿತ್ತು. ದೊರೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ಅದನ್ನು ಕೊಂಡುಕೊಂಡ. ಈ ಮನೆಗೂ ಅಮೆರಿಕಕ್ಕೂ ನಂಟು ಹೇಗೆ? ಲಂಡನ್ನಿನ ವಂಶಾವಳಿ ಅಧಿಕಾರಿ ಐಸಾಕ್ ಹರ್ಡ್ ವಿಚಾರಿಸಿದಾಗ, ಈ ವಿಷಯಕ್ಕೆ ತಾವು ಹೆಚ್ಚು ಗಮನ ಕೊಟ್ಟಿಲ್ಲವೆಂದು ಜಾರ್ಜ್ 1792ರಲ್ಲಿ ಉತ್ತರಿಸಿದರು. ವರ್ಜೀನಿಯಾಕ್ಕೆ ವಲಸೆ ಹೋದ ಅವರ ಮುತ್ತಜ್ಜನ ಹೆಸರು ಜಾನ್. ಸಲ್‌ಗ್ರೇವ್ ಮನೆತನದಲ್ಲೂ ಒಬ್ಬ ಜಾನ್ ಇದ್ದ. ಇಬ್ಬರೂ ಒಬ್ಬನೇ ಎಂದು ಹರ್ಡ್ ಊಹಿಸಿದರು, ಲೋಕ ನಂಬಿತು.

1866ರಲ್ಲಿ ಜೋಸೆಫ್ ಚೆಸ್ಟರ್ ದಾಖಲೆ ತೆಗೆದು ನೋಡಿದರೆ, ಆ ಜಾನ್ 'ಸರ್' ಪದವಿ ಪಡೆದು ಇಂಗ್ಲೆಂಡಿನಲ್ಲೇ ಬಾಳಿದ್ದ! 1889ರಲ್ಲಿ ಹೆನ್ರಿ ವಾಟರ್ಸ್ ಹಳೆಯ ಉಯಿಲುಗಳನ್ನು ಜಾಲಾಡಿ ನಿಜವಾದ ಕೊಂಡಿ ಹಿಡಿದರು. ಅದಕ್ಕೆ ನೆರವಾದದ್ದು ಟ್ರಿಂಗ್ ಊರಿನ ಆಂಫಿಲಿಸ್ ಎಂಬ ವಿಧವೆಯ ಆಸ್ತಿಯನ್ನು ಮಗ ಜಾನ್‌ಗೆ ವಹಿಸಿದ ಕಾಗದ. ಆಕೆಯ ಗಂಡ ಸಲ್‌ಗ್ರೇವ್ ಮನೆತನದ ಪಾದ್ರಿ. ಹೆಂಡದಂಗಡಿ ಸುತ್ತುತ್ತಾನೆಂಬ ಆರೋಪದ ಮೇಲೆ 1643ರಲ್ಲಿ ಹುದ್ದೆ ಕಳೆದುಕೊಂಡವನು. 'ಸರ್' ಪದವಿಯವನ ಜಾಗಕ್ಕೆ ಹುದ್ದೆ ಹೋದ ಪಾದ್ರಿಯ ಮಗ ಬಂದ. ಹುಡುಕಾಟದ ನಿಜವಾದ ಫಲ ಇದೇ ಅಲ್ಲವೇ?

ಇನ್ನೊಂದು ಮುಖವೂ ಇದೆ. ಆಸ್ತಿ ಇದ್ದವರಿಗೆ ಉಯಿಲು ಇತ್ತು, ತಾವೇ ಆಸ್ತಿಯಾದವರಿಗೆ? ಜಾರ್ಜ್ ವಾಷಿಂಗ್ಟನ್ 1799ರಲ್ಲಿ ಬರೆದ ಪಟ್ಟಿಯಲ್ಲಿ ಅವರ ಮೌಂಟ್ ವರ್ನನ್ ಎಸ್ಟೇಟಿನ 317 ಗುಲಾಮರಿದ್ದಾರೆ. ಬಹುಪಾಲು ಜನರಿಗೆ ಮನೆತನದ ಹೆಸರೇ ಇಲ್ಲ. ಅಮೆರಿಕದಲ್ಲಿ ಗುಲಾಮಗಿರಿ ಮುಗಿಯುವವರೆಗೂ ಬಿಡುಗಡೆ ಕಾಣದವರ ಹೆಸರುಗಳು ಜನಗಣತಿಗೆ ಬಂದದ್ದೇ 1870ರಲ್ಲಿ. ಅವರ ಮಕ್ಕಳು ಮೊಮ್ಮಕ್ಕಳು ಮೂಲ ಹುಡುಕುತ್ತ ಹೋದರೆ ದಾರಿ ಅಲ್ಲಿಗೇ ನಿಲ್ಲುವುದುಂಟು.

ಹಾಗಾಗಿ ಉದ್ದನೆಯ ವಂಶಾವಳಿ ಕಂಡರೆ ನನಗೆ ಬೆರಗಾಗುವುದಿಲ್ಲ. ಅದು ಹೇಳುವುದು ಆ ಮನೆತನ ಎಷ್ಟು ದೊಡ್ಡದು ಎಂದಲ್ಲ, ಯಾರ ಹೆಸರನ್ನು ಬರೆದಿಡಲಾಯಿತು ಎಂದಷ್ಟೇ.