ನಾಯಿಗೂ ಒಂದು ಹೋಳು

ಕಪಿಲೆಯ ದಡದ ಮರಳು ಕಾದು ಕಾಲಿಡಲಾಗದಂತಾಗುವ ಬೇಸಗೆಯಲ್ಲಿ, ನಂಜನಗೂಡಿನ ಮನೆಗಳಲ್ಲಿ ಹಣ್ಣು ಹೆಚ್ಚುವ ಸದ್ದಾದೊಡನೆ ಎದ್ದು ಬರುವ ಯಾಚಕನೊಬ್ಬನುಂಟು. ಕಲ್ಲಂಗಡಿಯ ಮೇಲೊಂದು ಕಣ್ಣು, ಗೃಹಿಣಿಯ ಮುಖದ ಮೇಲೊಂದು ಕಣ್ಣು ಇಟ್ಟು ಬಾಲವಾಡಿಸುವ ಆ ನಾಯಿಯನ್ನು ಬರಿಬಾಯಲ್ಲಿ ಕಳುಹಿಸಲು ಯಾರಿಗೆ ಮನಸ್ಸು ಬಂದೀತು? ಕೊಡಬಾರದೆಂದು ನಾನು ಹೇಳುವವನಲ್ಲ. ಯಾವುದನ್ನು, ಎಷ್ಟನ್ನು ಎಂಬುದಷ್ಟೇ ಪ್ರಶ್ನೆ.

ನಮ್ಮಂತೆ ಮೈಯೆಲ್ಲ ಬೆವರುವ ಭಾಗ್ಯ ನಾಯಿಗಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರು. ಉಳಿದ ತಾಪವೆಲ್ಲ ನಾಲಗೆ ಚಾಚಿ ತೇಕುವುದರಿಂದಲೇ ಇಳಿಯಬೇಕು. ಆದುದರಿಂದ ನೆರಳು, ತಣ್ಣೀರು ಮೊದಲು. ಹಣ್ಣು ಆಮೇಲಿನ ಮಾತು. ಸಿಪ್ಪೆ, ಬೀಜ ತೆಗೆದ ಕಲ್ಲಂಗಡಿ, ಮಾಗಿದ ಪರಂಗಿ ಅದಕ್ಕೆ ಹಿತ. ಮಾವಿನ ತಿರುಳೂ ಆಗಬಹುದು, ಓಟೆ ಮಾತ್ರ ಕೂಡದು. ಮಕ್ಕಳು ಚೀಪಿ ಬಿಸಾಡುವುದನ್ನು ನಾಯಿ ನುಂಗಿಬಿಡುತ್ತದೆ. ಅದು ಕರುಳಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ದೇ ತೆಗೆಯಬೇಕಾದೀತು.

ಬಾಳೆಯ ಎರಡು ಮೂರು ಬಿಲ್ಲೆಗಳು ಸಾಕು. ರಸಬಾಳೆಯೇ ಬೇಕೆಂದಿಲ್ಲ! ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಆ ಹಣ್ಣು, ಪನಾಮಾ ಸೊರಗು ರೋಗ ತೋಟಗಳನ್ನು ಹೊಕ್ಕ ಮೇಲೆ ನಂಜನಗೂಡಿನವರಿಗೇ ದುರ್ಲಭವಾಗಿದೆ. ನಾಯಿಯಾದರೋ ತಳಿಯ ಹೆಸರು ವಿಚಾರಿಸುವುದಿಲ್ಲ. ಹಣ್ಣು ಮೊದಲಾದ ತಿನಿಸುಗಳಿಂದ ಬರುವ ಶಕ್ತಿ ದಿನದ ಒಟ್ಟು ಆಹಾರದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬುದು ಪಶುವೈದ್ಯರ ಲೆಕ್ಕ.

ಇನ್ನು ಪ್ರಾಣಕ್ಕೆ ಎರವಾಗುವ ಸಂಗತಿ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಕಾರಣವೇನೆಂಬುದು ಬಹುಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವಿಷತಜ್ಞರು, ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಅಪರಾಧಿಯಿರಬೇಕೆಂದು ಸೂಚಿಸಿದರು. ಅವರಿಗೆ ಸುಳುಹು ಕೊಟ್ಟ ವಸ್ತುಗಳಲ್ಲಿ ಒಂದು ನಮ್ಮ ಹುಣಸೆಹಣ್ಣು! ಹುಣಸೆ ತಿಂದ ನಾಯಿಗಳಲ್ಲಿಯೂ ಅದೇ ಕೇಡು ಕಂಡುಬಂದಿತ್ತು. ಹೊಸ ಹುಣಸೆಯನ್ನು ಅಂಗಳದಲ್ಲಿ ಹರವಿ ಬೀಜ ಬಿಡಿಸುವ ಕಾಲವೂ ಬೇಸಗೆಯೇ ತಾನೆ? ಮಿಕ್ಕ ಪುಳಿಯೋಗರೆಯನ್ನೂ, ದ್ರಾಕ್ಷಿ ಹಾಕಿದ ಕೇಸರಿಭಾತನ್ನೂ ನಾಯಿಯ ತಟ್ಟೆಗೆ ಸುರಿಯುವ ಔದಾರ್ಯ ಬೇಡ. "ನಮ್ಮ ನಾಯಿ ತಿಂದಿತ್ತು, ಏನೂ ಆಗಲಿಲ್ಲ" ಎನ್ನುವವರಿದ್ದಾರೆ. ನಿಜ, ಎಲ್ಲ ನಾಯಿಗಳಿಗೂ ಆಗುವುದಿಲ್ಲ. ಯಾವುದಕ್ಕೆ ಆದೀತೆಂದು ಮೊದಲೇ ತಿಳಿಯುವುದೂ ಇಲ್ಲ.

ತಿರುಮಕೂಡಲು ನರಸೀಪುರದವರು ತಮ್ಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಲ್ಲಿನ ಸ್ವಾಮಿಯ ಹೆಸರೇ ಗುಂಜಾ ನರಸಿಂಹ. ದ್ರಾಕ್ಷಿಯ ವಿಷಯದಲ್ಲಿ ಇಷ್ಟು ತೂಕದವರೆಗೆ ಭಯವಿಲ್ಲವೆಂದು ಗೊತ್ತುಮಾಡಿದ ಅಳತೆಯೇ ಇಲ್ಲ. (ಗುಲಗಂಜಿಯೂ ಜಗಿದರೆ ಘೋರ ವಿಷವೆಂಬುದನ್ನು ಬೇಲಿಯುಳ್ಳ ಮನೆಯವರು ನೆನಪಿಡುವುದು ಲೇಸು.)

ತಿಂದ ಒಂದು ದಿನದೊಳಗೆ ವಾಂತಿ, ಮಂಕು, ಊಟದ ಬೇಸರ. ಮುಂದೆ ಮೂತ್ರ ಕಡಿಮೆಯಾಗುತ್ತ ಬರುವುದು. ಈ ಚಿಹ್ನೆಗಳಿಗಾಗಿ ಕಾಯಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ತಾನೇ ಅಪಾಯಕರ. ನಂಜನ್ನುಂಡು ಅರಗಿಸಿಕೊಂಡವನು ನಂಜುಂಡೇಶ್ವರನೊಬ್ಬನೇ. ಟಿಪ್ಪು ಸುಲ್ತಾನನ ಆನೆಯ ಕಣ್ಣನ್ನು ವಾಸಿಮಾಡಿ ಅವನು 'ಹಕೀಂ ನಂಜುಂಡ'ನಾದನೆಂಬ ಪ್ರತೀತಿಯುಂಟು. ಹರಕೆ ಹೊರುವವರು ಹೊರಲಿ, ಆದರೆ ಪಶುವೈದ್ಯರ ಬಳಿಗೆ ಹೋಗುವ ದಾರಿಯಲ್ಲಿ ಹೊರಲಿ. ತಿಂದದ್ದೇನು, ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನು ಅವರಿಗೆ ತಿಳಿಸಿ. ಉಳಿದ ಪೊಟ್ಟಣವನ್ನೂ ಕೊಂಡೊಯ್ಯಿರಿ.